ಜ್ವರ ಬರಲೆಂದು ಕಾದವಳು

ಜ್ವರ ಹೋಗಲಿ ಎಂದು ದೇವರಿಗೆ ಹರಕೆ ಹೊತ್ತವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಜ್ವರ ಬರಲಿ, ಇವತ್ತೇ ಬರಲಿ, ಆಸ್ಪತ್ರೆಯ ಬಾಗಿಲು ಹಾಕುವುದರೊಳಗೆ ಬರಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ, ಮಡಿಲಲ್ಲಿ ಹಸಿದ ಮಗುವಿತ್ತು.

ಈಚೆಗೆ ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ಆಸ್ಪತ್ರೆಯಿಂದ ಬಂದವಳೇ ಜಗಲಿಯ ಮೇಲೆ ಕುಸಿದು ಕೂತಳು. ಹೋದ ತಿಂಗಳವರೆಗೆ ಕೊಡುತ್ತಿದ್ದ ಔಷಧಿಯನ್ನು ಈ ತಿಂಗಳಿಂದ ಹಾಗೆ ಕೊಡುವುದಿಲ್ಲವಂತೆ, ಏನೋ ಹೊಸ ರೂಲ್ಸಂತೆ, ನನ್ನ ಕೈಲಿ ಆಗಲ್ಲ ಅಜ್ಜಿ ಎಂದು ಅತ್ತಳು. ಅಳಬೇಡ, ಬೈಯಬೇಕು ಅನ್ನಿಸಿದರೆ ಬೈ, ಆದರೆ ನಾಳೆ ಮತ್ತೆ ಹೋಗು ಎಂದೆ. ಆಮೇಲೆ ನನ್ನ ಕಥೆ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾಲಿಗ್ರಾಮದ ಕಡೆಯವಳು. ನಾಲೆ ನೀರು, ಭತ್ತದ ಗದ್ದೆ, ಓದು ಬರಹ ಎಲ್ಲ ಕಂಡವಳು. ನನ್ನನ್ನು ಕೊಟ್ಟದ್ದು ಹೆಗ್ಗಡದೇವನ ಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗೆ. ಆಗ ನಮ್ಮ ಕಡೆಯ ಹೆಂಗಸರು, "ಕೋಟೆ ಸೀಮೆಗೆ ಹೆಣ್ ಕೊಡಾದೂ ಒಂದೇ, ಜ್ವರಕ್ಕೆ ಕೊಡಾದೂ ಒಂದೇ ಕಣವ್ವ" ಎಂದು ನನ್ನ ತಾಯಿಯ ಮುಖಕ್ಕೇ ಹೇಳಿದ್ದರು. ಹೇಳಿದವರ ಬಾಯಿಗೆ ಮಣ್ಣು ಹಾಕ ಎಂದುಕೊಂಡೇ ನಾನು ಗಂಡನ ಮನೆಗೆ ಬಂದೆ. ನಾಲ್ಕು ವರ್ಷ ಏನೂ ಆಗಲಿಲ್ಲ. ಯುದ್ಧ ಶುರುವಾದ ಮೇಲೆ ಮಗಳು ಗೌರಿ ಹುಟ್ಟಿದಳು. ಅವಳು ಮಗುಚಿಕೊಳ್ಳಲು ಕಲಿಯುವ ಹೊತ್ತಿಗೆ ಚಳಿ ಜ್ವರ ನನ್ನನ್ನೂ ಹಿಡಿಯಿತು.

ನಮ್ಮೂರ ಜ್ವರಕ್ಕೆ ಒಂದು ಶಿಸ್ತಿತ್ತು. ದಿನ ಬಿಟ್ಟು ದಿನ ಬರುತ್ತಿತ್ತು. ಬರುವ ದಿನ ಹೊತ್ತು ಮಾರುದ್ದ ಏರಿ, ದನಗಳು ಮೇವಿಗೆ ಹೋದ ಮೇಲೆ, ಮೊದಲು ಒಂದರ ಮೇಲೊಂದು ಆಕಳಿಕೆ. ಆಮೇಲೆ ಉಗುರು ನೀಲಿಯಾಗಿ ಬೆನ್ನುಹುರಿಯೊಳಗೆ ಯಾರೋ ತಣ್ಣೀರು ಸುರಿದ ಹಾಗೆ ಚಳಿ. ಮನೆಯಲ್ಲಿದ್ದ ಕಂಬಳಿಯೆಲ್ಲ ಹೊದಿಸಿ ನಮ್ಮತ್ತೆ ಮೇಲೆ ಒರಗಿ ಕೂತರೂ ಅವರೂ ಸೇರಿ ಅಲುಗಾಡುತ್ತಿದ್ದರು. ಚಳಿ ಬಿಟ್ಟ ಮೇಲೆ ಕಾವು, ಕಾವು ಇಳಿದ ಮೇಲೆ ಬೆವರು. ಮಾರನೆಯ ದಿನ ನೋಡಿದವರು ಇವಳಿಗೇನು ದಾಡಿ ಎನ್ನಬೇಕು, ಹಾಗೆ ಎದ್ದು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದೆ.

ನನ್ನ ಮೈ ಹೇಗೋ ತಡೆದುಕೊಳ್ಳುತ್ತಿತ್ತು. ಎದೆ ಹಾಲು ಬತ್ತಿತು. ಗೌರಿಗೆ ಮೇಕೆ ಹಾಲು ಹಿಡಿಸಲಿಲ್ಲ, ರಾಗಿ ಸರಿ ತಿನ್ನಿಸಿದರೆ ಕಾರಿಕೊಳ್ಳುತ್ತಿದ್ದಳು. ತೊಡೆಯ ಚರ್ಮ ಮುದುಕಿಯ ಚರ್ಮದ ಹಾಗೆ ನೆರಿಗೆ ಬಿದ್ದಿತು. ಅವಳನ್ನು ಹೆರಿಸಿದ ಸೂಲಗಿತ್ತಿ ಬಂದು ನೋಡಿದಳು. ಸುತ್ತಿ ಬಳಸಿ ಮಾತಾಡುವವಳಲ್ಲ. "ತಾಯಿ ಜ್ವರ ನಿಂತು ಹಾಲು ಬಂದ್ರೆ ಕೂಸು ಉಳ್ಕತದೆ. ಇಲ್ದಿದ್ರೆ ನಾನು ಸುಳ್ ಯೋಳಾಕಿಲ್ಲ ಕಣವ್ವ" ಎಂದಳು. ಅವತ್ತೇ ನಾನು ನಿರ್ಧಾರ ಮಾಡಿದೆ, ಈ ಮಗುವನ್ನು ನಾನು ಬಿಟ್ಟುಕೊಡುವುದಿಲ್ಲ ಎಂದು.

ಮೊದಲಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ನಮ್ಮೂರ ಶಾಲೆಯ ಮೇಷ್ಟ್ರ ಹತ್ತಿರ ಸರ್ಕಾರದ ಕ್ವಿನೈನ್ ಗುಳಿಗೆಯ ಡಬ್ಬ ಇರುತ್ತಿತ್ತು. ಜ್ವರ ಎಂದರೆ ಸಾಕು, ಮೇಷ್ಟ್ರು ಒಂದು ಕಾಗದದ ಚೂರಿನಲ್ಲಿ ಗುಳಿಗೆ ಕಟ್ಟಿ ಕೊಡುತ್ತಿದ್ದರು. ಯುದ್ಧದ ಬಿಸಿ ಆ ಡಬ್ಬಕ್ಕೂ ತಟ್ಟಿತು. ಕ್ವಿನೈನ್ ತೆಗೆಯುವ ಮರ ಬೆಳೆಯುವ ದೇಶವೇ ಶತ್ರುವಿನ ಕೈಗೆ ಹೋಯಿತು, ಹಡಗು ಬರುತ್ತಿಲ್ಲ ಎಂದು ಮೇಷ್ಟ್ರು ಚಾವಡಿಯಲ್ಲಿ ಹೇಳಿದರು.

"ಅಲ್ಲ ಮೇಷ್ಟ್ರೇ, ಅವರು ಒಡ್ದಾಡ್ಕಂಡ್ರೆ ನಮ್ಗ್ಯಾಕ್ರೀ ಗುಳ್ಗೆ ನಿಲ್ಬೇಕು?" ಎಂದು ನಮ್ಮತ್ತೆ ಕೇಳಿದರು.

"ನನ್ನನ್ನು ಕೇಳಿದರೆ ನಾನೇನು ಹೇಳಲಮ್ಮ? ನನ್ನ ಮನೆಯಲ್ಲೂ ಇಬ್ಬರು ಮಲಗಿದ್ದಾರೆ" ಎಂದರು ಮೇಷ್ಟ್ರು.

ಹೊಸ ಕಟ್ಟಳೆ ಹೀಗಿತ್ತು. ಇನ್ನು ಊರಲ್ಲಿ ಗುಳಿಗೆ ಇಲ್ಲ. ಹೋಬಳಿ ಊರಿನ ಆಸ್ಪತ್ರೆಗೇ ಹೋಗಬೇಕು. ಡಾಕ್ಟರು ಕಣ್ಣಾರೆ ಜ್ವರ ಕಂಡರೆ ಮಾತ್ರ ಕೊಡುತ್ತಾರೆ. ಕೊಟ್ಟದ್ದನ್ನು ಅವರ ಮುಂದೆಯೇ ನುಂಗಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಬೇರೆ ಬೇರೆ ಹೆಸರು ಹೇಳಿ ಗುಳಿಗೆ ಪಡೆದು ಸಂತೆಯಲ್ಲಿ ಮಾರುವವರು ಹೆಚ್ಚಿದ್ದರಂತೆ. ಆ ಹೋಬಳಿ ಊರಿನ ಹೆಸರು ನಾನು ಹೇಳುವುದಿಲ್ಲ. ಆ ಡಾಕ್ಟರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇದ್ದಾರು, ಅವರು ಕೆಟ್ಟವರೂ ಆಗಿರಲಿಲ್ಲ.

ಹೋಬಳಿ ಊರು ನಮಗೆ ಮೂರು ಹರಿದಾರಿ, ಒಂಬತ್ತು ಮೈಲಿ. ಜ್ವರ ಇಲ್ಲದ ದಿನ ನಾನೂ ನಮ್ಮ ಯಜಮಾನರೂ ಬೆಳಗಿನ ಜಾವವೇ ಹೊರಟು ಮಗುವನ್ನೆತ್ತಿಕೊಂಡು ನಡೆದೆವು. ಜಗಲಿಯ ತುಂಬ ಜನ. ನನ್ನ ಸರದಿ ಬಂದಾಗ ಡಾಕ್ಟರು ನಾಲಿಗೆಯ ಕೆಳಗೆ ಜ್ವರದ ಕಡ್ಡಿ ಇಟ್ಟು ತೆಗೆದು ಬೆಳಕಿಗೆ ಹಿಡಿದರು.

"ಹೆಸರೇನಮ್ಮ?"

"ದೇವೀರಮ್ಮ."

"ನಿನಗೆ ಜ್ವರವೇ ಇಲ್ಲವಲ್ಲ ದೇವೀರಮ್ಮ."

"ಇವತ್ತು ಇಲ್ಲ ಸ್ವಾಮಿ. ನಾಳೆ ಬರುತ್ತದೆ."

"ಹಾಗಾದರೆ ನಾಳೆ ಬಾ."

"ನಾಳೆ ಜ್ವರ ಬಂದರೆ ಏಳಲಿಕ್ಕೇ ಆಗುವುದಿಲ್ಲ ಸ್ವಾಮಿ, ಇಷ್ಟು ದೂರ ಬರುವುದು ಹೇಗೆ?"

ಅವರು ಎದ್ದು ಬೀರುವಿನ ಬಾಗಿಲು ತೆರೆದು ತೋರಿಸಿದರು. ಖಾಲಿ ಸೀಸೆಗಳ ಸಾಲಿನ ಕೊನೆಯಲ್ಲಿ ಒಂದೇ ಒಂದು ಸೀಸೆಯ ತಳದಲ್ಲಿ ಗುಳಿಗೆ ಇದ್ದವು. "ಇಷ್ಟೇ ಇರುವುದು. ಜ್ವರ ಇಲ್ಲದ ನಿನಗೆ ಕೊಟ್ಟುಬಿಟ್ಟರೆ, ನಡುಗುತ್ತಾ ಬರುವವರಿಗೆ ನಾನು ಏನು ಕೊಡಲಿ? ನೀನೇ ಹೇಳು" ಎಂದರು. ನನಗೆ ಸಿಟ್ಟು ಬೇಕಾದಷ್ಟು ಬಂತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವನು ಆ ಆಸ್ಪತ್ರೆಯ ಜಗಲಿಯ ಮೇಲೆಯೇ ಕೂತು ಕಟ್ಟಿರಬೇಕು.

ಮುಂದಿನ ಸಲ ಜ್ವರದ ದಿನವೇ ಹೊರಟೆವು. ಗಾಡಿ ಹೂಡುವಂತಿರಲಿಲ್ಲ, ಎತ್ತು ಹೊಲದಲ್ಲಿ ಬೇಕಿತ್ತು. ಒಂದೊಂದು ದಿನ ಬರುವ ಬಸ್ಸಿಗೆ ಕಾದೆವು. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದ ಕಾಲ ಅದು. ಏರು ಬಂದ ಕೂಡಲೇ ಬಸ್ಸು ನಿಂತಿತು. "ಎಲ್ರೂ ಇಳೀರಪ್ಪಾ, ನೂಕ್ರಪ್ಪಾ!" ಎಂದು ಡ್ರೈವರ್ ಕೂಗಿದ. ಗಂಡಸರು ಬಸ್ಸು ನೂಕಿದರು, ನಾನು ದಾರಿ ಪಕ್ಕದಲ್ಲಿ ಕಂಬಳಿ ಹೊದ್ದು ನಡುಗುತ್ತಾ ಬಿದ್ದುಕೊಂಡಿದ್ದೆ. ಚಳಿ ಅಲ್ಲೇ ಬಂದು ಅಲ್ಲೇ ಹೋಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಾಗಿಲು ಹಾಕಿದ್ದರು. ಸಾಯಂಕಾಲ ಮತ್ತೆ ತೆಗೆದಾಗ ನನ್ನ ಸೀರೆಯೆಲ್ಲ ಬೆವರಲ್ಲಿ ತೊಯ್ದು ಮೈ ತಣ್ಣಗಾಗಿತ್ತು. ಡಾಕ್ಟರು ಕಡ್ಡಿ ನೋಡಿ ತಲೆಯಾಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ವಾರ ನಮ್ಮ ಯಜಮಾನರು ಯಾರಿಗೂ ಹೇಳದೆ ಹುಣಸೂರಿನ ಸಂತೆಗೆ ಹೋಗಿ ಪೆಟ್ಟಿಗೆಯಲ್ಲಿಟ್ಟಿದ್ದ ನನ್ನ ಕಿವಿಯ ಓಲೆ ಕೊಟ್ಟು ಒಂದು ಪೊಟ್ಟಣ ಗುಳಿಗೆ ತಂದರು. ನಮ್ಮತ್ತೆ ಒಂದನ್ನು ನೆಕ್ಕಿ ನೋಡಿ, "ಕಯೀನೇ ಇಲ್ವಲ್ಲೋ ಮಗಾ" ಎಂದರು. ಕಹಿ ಇಲ್ಲದ ಬರೀ ಸೀಮೆಸುಣ್ಣ. ಯಜಮಾನರು ಮೂಲೆಗೆ ತಿರುಗಿ ಕೂತರು. ಅವರ ಭುಜ ಅಲುಗುತ್ತಿತ್ತು. ಅವರು ಅತ್ತದ್ದನ್ನು ನಾನು ಅದಕ್ಕಿಂತ ಮುಂಚೆ ಕಂಡಿರಲಿಲ್ಲ. ಓಲೆ ಹೋದರೆ ಹೋಗಲಿ, ನೀವು ಹೊಲ ನೋಡಿಕೊಳ್ಳಿ, ಈ ಸಲ ನಾನೇ ಹೋಗುತ್ತೇನೆ ಎಂದೆ.

ನನ್ನ ಲೆಕ್ಕ ಸುಲಭವಾಗಿತ್ತು. ಜ್ವರ ಇಲ್ಲದ ದಿನ ನಡೆದು ಹೋಗುವುದು, ಅಲ್ಲೇ ಛತ್ರದಲ್ಲಿ ಉಳಿಯುವುದು, ಮಾರನೆಯ ದಿನ ಆಸ್ಪತ್ರೆಯ ಜಗಲಿಯ ಮೇಲೆಯೇ ಜ್ವರಕ್ಕೆ ಕಾಯುವುದು. ಡಾಕ್ಟರ ಕಣ್ಣೆದುರೇ ನಡುಗಿದರೆ ಆಗ ಏನು ಹೇಳುತ್ತಾರೆ ನೋಡೋಣ ಎಂದುಕೊಂಡೆ. ನಮ್ಮತ್ತೆ, "ನಾನೂ ಬತ್ತೀನಿ. ಕೂಸ ಎತ್ಕಳಾರು ಯಾರು?" ಎಂದು ಬುತ್ತಿ ಕಟ್ಟಿ ಎದ್ದೇಬಿಟ್ಟರು.

ನಮ್ಮತ್ತೆಯ ವಿಷಯ ಇಲ್ಲಿ ಒಂದು ಮಾತು ಹೇಳಬೇಕು. ಆ ಕಡೆ ಹಳಬರಲ್ಲಿ ಒಂದು ನಂಬಿಕೆ ಇತ್ತು. ಜ್ವರ ಹೆಸರು ಹುಡುಕಿಕೊಂಡು ಬರುತ್ತದೆ, ಬರುವ ಹೊತ್ತಿಗೆ ರೋಗಿಯ ಹೆಸರು ಹಿಡಿದು ಕರೆಯಬಾರದು, ಬೇರೆ ಹೆಸರಿನಿಂದ ಕರೆದರೆ ಅದು ಆಳು ತಪ್ಪಿ ಮುಂದಕ್ಕೆ ಹೋಗುತ್ತದೆ ಎಂದು. ನಮ್ಮತ್ತೆಯ ಸ್ವಂತ ಮಗಳು ಸಣ್ಣಮ್ಮ ಹೆರಿಗೆಗೆಂದು ತೌರಿಗೆ ಬಂದವಳು ಇದೇ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳು ಬಡಬಡಿಸುತ್ತಿದ್ದಾಗ ಇವರು ಭಯಕ್ಕೆ "ಸಣ್ಣಮ್ಮಾ, ಸಣ್ಣಮ್ಮಾ" ಎಂದು ಕೂಗಿದ್ದರಂತೆ. ನಾನೇ ಕೂಗಿ ತೋರಿಸಿಕೊಟ್ಟೆ ಎಂಬ ಕೊರಗು ಅವರನ್ನು ಬಿಟ್ಟಿರಲಿಲ್ಲ. ಹಾಗಾಗಿ ನನ್ನ ಜ್ವರದ ದಿನ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ನಾನು ದೇವೀರಮ್ಮ ಅಲ್ಲ, ತಿಪ್ಪಮ್ಮ. ನನಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಆದರೂ ಅವರ ಮುಖ ನೋಡಿ ಸುಮ್ಮನಿರುತ್ತಿದ್ದೆ.

ಛತ್ರದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಗೋಡೆಗೊರಗಿ ಕೂತೆವು. ಕಾಂಪೌಂಡರ್ ಬಂದು ಒಬ್ಬೊಬ್ಬರ ಹೆಸರು ಬರೆದುಕೊಂಡು ಹೋದ. ಆಗ ನಾನು ಮಗುವಿಗೆ ನೀರು ಕುಡಿಸಲು ಬಾವಿಯ ಹತ್ತಿರ ಹೋಗಿದ್ದೆ. ನನ್ನ ಪರವಾಗಿ ನಮ್ಮತ್ತೆ ಏನು ಬರೆಸಿದರೆಂದು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಹೊತ್ತು ಮಾರುದ್ದ ಏರಿತು. ಆಕಳಿಕೆ ಬರಲಿಲ್ಲ. ಉಗುರು ನೋಡಿಕೊಂಡೆ, ಕೆಂಪಗೇ ಇತ್ತು. ಮನೆಯಲ್ಲಿ ಕರೆಯದೆ ಬರುತ್ತಿದ್ದ ಜ್ವರಕ್ಕೆ ಇವತ್ತು ಏನಾಯಿತು ದರಿದ್ರಕ್ಕೆ! ಪಕ್ಕದಲ್ಲಿ ಪಿರಿಯಾಪಟ್ಟಣದ ಕಡೆಯ ಹೆಂಗಸೊಬ್ಬಳು ಚೆನ್ನಾಗಿ ನಡುಗುತ್ತಿದ್ದಳು. ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ?

"ಬರಾಕಿಲ್ವೇನೋ ಕಣತ್ತೆ" ಎಂದೆ. ಅಳು ಬಂದುಬಿಟ್ಟಿತ್ತು.

ನಡುಗುತ್ತಿದ್ದವಳೇ ಹಲ್ಲು ಕಟಕಟಿಸುತ್ತಾ ಹೇಳಿದಳು: "ಬತ್ತದೆ ಸುಮ್ಕಿರಕ್ಕಾ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?"

ಆ ನಡುಕದಲ್ಲೂ ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಒಂದು ಆಕಳಿಕೆ ಬಂತು, ಅದರ ಬೆನ್ನಿಗೆ ಇನ್ನೊಂದು. ಕೈ ಮುಗಿದೆ. ಬಂದ ಜ್ವರಕ್ಕೆ ಕೈ ಮುಗಿದೆ! ನೋಡುತ್ತಿದ್ದ ಹಾಗೆ ಮೈಯೆಲ್ಲ ಅಲುಗಾಡತೊಡಗಿತು. ನಮ್ಮತ್ತೆ ಗೌರಿಯನ್ನು ಒಂದು ಕಂಕುಳಿಗೆ ಹಾಕಿಕೊಂಡು, ನನ್ನನ್ನು ಇನ್ನೊಂದು ಕೈಲಿ ಹಿಡಿದು ಒಳಗೆ ನಡೆಸಿಕೊಂಡು ಹೋದರು.

ಡಾಕ್ಟರು ಕಡ್ಡಿ ನೋಡಿದರು. ಈ ಸಲ ತಲೆಯಾಡಿಸಲಿಲ್ಲ. "ಜ್ವರ ಇದೆ" ಎಂದರು. ಆ ಎರಡು ಮಾತು ಕೇಳಲು ನಾನೆಷ್ಟು ದಿನದಿಂದ ಕಾದಿದ್ದೆ! ಕಾಂಪೌಂಡರ್ ಗುಳಿಗೆ ಎಣಿಸಿ ಅಂಗೈಗೆ ಹಾಕಿಕೊಂಡು, "ತಿಪ್ಪಮ್ಮ ಅಲ್ವಾ?" ಎಂದ.

ಡಾಕ್ಟರು ತಲೆ ಎತ್ತಿದರು. ನನ್ನ ಮುಖ, ಮಗುವಿನ ಮುಖ ನೋಡಿದರು. "ಇರು. ಮೊದಲ ಸಲ ಬಂದಾಗ ಇವಳು ದೇವೀರಮ್ಮ ಎಂದಿದ್ದಳು. ಇದೇ ಮಗು ಇತ್ತು. ಇವತ್ತು ತಿಪ್ಪಮ್ಮ ಹೇಗಾದಳು?"

ನಮ್ಮತ್ತೆ ಕಂಕುಳಲ್ಲಿದ್ದ ಗೌರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ನೋಡಮ್ಮ, ಹೆಸರು ಬದಲಾಯಿಸುವವರಿಂದಲೇ ಈ ಊರಿನ ಗುಳಿಗೆ ಖಾಲಿಯಾಗಿದ್ದು. ನಿಜವಾದ ಹೆಸರು ಗೊತ್ತಾಗದೆ ನಾನು ಒಂದು ಗುಳಿಗೆಯನ್ನೂ ಕೊಡುವುದಿಲ್ಲ" ಎಂದು ಅವರು ಕಾಂಪೌಂಡರನ ಕೈಯಿಂದ ಗುಳಿಗೆ ವಾಪಸು ತೆಗೆದುಕೊಂಡು ಸೀಸೆಗೆ ಹಾಕಿದರು. ಅವು ಗಾಜಿಗೆ ಬಡಿದ ಸದ್ದು ನನಗೆ ಕೇಳಿಸಿತು. ನಾನು ಬಾಯಿ ತೆರೆದೆ. ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವೇ ಹೊರತು ಮಾತು ಹೊರಡಲಿಲ್ಲ. ನನ್ನ ಹೆಸರು ನನ್ನ ಬಾಯಿಂದಲೇ ಬರಲಿಲ್ಲ. ಕಾಂಪೌಂಡರ್ ಮುಂದಿನವರನ್ನು ಕರೆಯಲು ಬಾಗಿಲಿಗೆ ಹೋದ.

ನಾನು ನಮ್ಮತ್ತೆಯ ಕಡೆ ನೋಡಿದೆ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಜ್ವರ ಮೈಮೇಲೆ ನಿಂತಿರುವ ಹೊತ್ತು. ಈಗ ಹೆಸರು ಹೇಳಿದರೆ ಮಗಳಿಗೆ ಮಾಡಿದ್ದನ್ನೇ ಸೊಸೆಗೂ ಮಾಡಿದ ಹಾಗೆ ಎಂದು ಅವರ ಜೀವ ನಂಬಿತ್ತು. ಹೇಳದಿದ್ದರೆ ಕಂಕುಳಲ್ಲಿದ್ದ ಕೂಸಿಗೆ ದಿಕ್ಕಿಲ್ಲ. ಓದಿದವರಿಗೆ ಇದು ಮೂಢನಂಬಿಕೆ ಎನ್ನಿಸಬಹುದು. ಅನ್ನಿಸಲಿ. ಆ ಗಳಿಗೆಯಲ್ಲಿ ಅವರು ಪಟ್ಟ ಸಂಕಟ ಸುಳ್ಳಲ್ಲ, ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದರು.

"ದೇವೀರಮ್ಮ! ಇವ್ಳು ನನ್ ಸೊಸೆ ದೇವೀರಮ್ಮ ಕಣ್ ಸ್ವಾಮಿ! ತಿಪ್ಪಮ್ಮ ಅಂತ ಬರ್ಸಿದ್ದು ನಾನು, ಜ್ವರಕ್ಕೆ ತಿಳೀದಿರ್ಲಿ ಅಂತ. ನಿಮ್ಗೆ ಮೋಸ ಮಾಡಾಕಲ್ಲ, ಅದ್ಕೆ ಮೋಸ ಮಾಡಾಕೆ!"

ಡಾಕ್ಟರು ದಂಗಾಗಿ ನೋಡಿದರು. ನಮ್ಮತ್ತೆಗೆ ಆಗಲೇ ಅವರು ಕಾಣುತ್ತಿರಲಿಲ್ಲ. ನನ್ನ ತಲೆಯ ಮೇಲೆ, ಗಾಳಿಯಲ್ಲಿ, ಯಾರನ್ನೋ ನೋಡುತ್ತಾ ಕಣ್ಣು ಕೆಂಪಗೆ ಮಾಡಿಕೊಂಡು ಮಾತಾಡಿದರು.

"ಕೇಳುಸ್ಕೊಂಡ್ಯಾ? ದೇವೀರಮ್ಮ! ಇಲ್ಲೇ ಅವ್ಳೆ. ನಾನೂ ಇಲ್ಲೇ ಇವ್ನಿ. ಒಬ್ಳ ತಕ್ಕಂಡ್ ಓದೆ, ಇವ್ಳ ಮಾತ್ರ ಬುಡಾಕಿಲ್ಲ. ಅದೇನ್ ಮಾಡ್ಕತೀಯೋ ಮಾಡ್ಕೊ!"

ಜಗಲಿಯಲ್ಲಿ ಕೂತಿದ್ದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಡಾಕ್ಟರು, "ಕೂತುಕೊಳ್ಳಮ್ಮ" ಎಂದು ತಮ್ಮ ಕುರ್ಚಿಯನ್ನೇ ನಮ್ಮತ್ತೆಯ ಕಡೆಗೆ ಎಳೆದರು. ಅವರು ಕೂರಲಿಲ್ಲ. ಡಾಕ್ಟರೇ ಸೀಸೆ ಬಗ್ಗಿಸಿ ಗುಳಿಗೆ ತೆಗೆದು, ನನ್ನ ಗಲ್ಲ ಹಿಡಿದು ಬಾಯಿಗೆ ಹಾಕಿ ನೀರು ಕುಡಿಸಿದರು. ಅಷ್ಟು ಕಹಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಅಷ್ಟು ಸಂತೋಷವಾಗಿ ನುಂಗಿದ್ದೂ ಇಲ್ಲ.

ಮುಂದಿನದ್ದು ಸುಲಭವಾಗಿತ್ತು ಎನ್ನಲಾರೆ. ಡಾಕ್ಟರ ಮುಂದೆಯೇ ನುಂಗಬೇಕಾದ್ದರಿಂದ ಗುಳಿಗೆ ಮುಗಿಯುವವರೆಗೆ ಛತ್ರದಲ್ಲೇ ಇದ್ದೆವು. ಗುಳಿಗೆಗೆ ಸರ್ಕಾರ ಏನೂ ತೆಗೆದುಕೊಳ್ಳಲಿಲ್ಲ ನಿಜ, ಆದರೆ ಕಳೆ ಕೀಳುವವರಿಲ್ಲದೆ ಆ ವರ್ಷದ ರಾಗಿ ಅರ್ಧಕ್ಕರ್ಧ ಹಾಳಾಯಿತು. ಧರ್ಮಕ್ಕೆ ಸಿಗುವ ಔಷಧಿಗೂ ಬಡವರು ಹೀಗೆ ಬೇರೆ ಕಡೆಯಿಂದ ತೆರಬೇಕಾಗುತ್ತದೆ. ಗುಳಿಗೆಯ ಉಷ್ಣಕ್ಕೆ ನನ್ನ ಕಿವಿ ದಿನವಿಡೀ ಗುಯ್‌ಗುಟ್ಟುತ್ತಿತ್ತು, ಯಾರು ಏನು ಹೇಳಿದರೂ ಎರಡೆರಡು ಸಲ ಕೇಳಬೇಕಿತ್ತು. ಆ ನಡುಗುವ ಹೆಂಗಸು ಛತ್ರದಲ್ಲಿ ನಮ್ಮ ಪಕ್ಕದಲ್ಲೇ ಇದ್ದಳು. ಅವಳ ಚಳಿ ನನ್ನದಕ್ಕಿಂತ ಮುಂಚೆ ಬರುತ್ತಿತ್ತು, ಅವಳು ನಡುಗುವಾಗ ನಾನು ಅನ್ನ ಬೇಯಿಸುತ್ತಿದ್ದೆ, ನಾನು ನಡುಗುವಾಗ ಅವಳು. ಜ್ವರ ಕಾಯಲು ಒಂದು ದಿನ ಮುಂಚೆಯೇ ಬನ್ನಿ ಎಂದು ನಾವಿಬ್ಬರೂ ನಮ್ಮ ನಮ್ಮ ಊರುಗಳಿಗೆ ಹೇಳಿ ಕಳುಹಿಸಿದೆವು, ಜನ ಬಂದರು. ಡಾಕ್ಟರು ಜಗಲಿಯ ಒಂದು ಮಗ್ಗುಲಿಗೆ ತಡಿಕೆ ಕಟ್ಟಿಸಿ, "ಕಾಯುವವರು ಇಲ್ಲೇ ಮಲಗಲಿ" ಎಂದರು. ಕಟ್ಟಳೆ ಬದಲಾಗಲಿಲ್ಲ. ಕಟ್ಟಳೆಯೊಳಗೇ ನಾವು ಜಾಗ ಮಾಡಿಕೊಂಡೆವು.

ಜ್ವರ ಮೊದಲು ಸಣ್ಣದಾಯಿತು, ಆಮೇಲೆ ಬರುವ ದಿನ ಬಂದರೂ ಅದು ಬರಲಿಲ್ಲ. ಆದರೆ ಹಾಲಿನ ಸುಳಿವಿರಲಿಲ್ಲ. ದಿನವೂ ಗೌರಿಯನ್ನು ಎದೆಗೆ ಹಾಕಿಕೊಳ್ಳುತ್ತಿದ್ದೆ, ಅವಳು ಚೀಪಿ ಚೀಪಿ ಸೋತು ಅಳಲೂ ತ್ರಾಣವಿಲ್ಲದೆ ನಿದ್ದೆ ಹೋಗುತ್ತಿದ್ದಳು. ನಮ್ಮತ್ತೆ ಎಲ್ಲಿಂದಲೋ ಸಬ್ಬಸಿಗೆ ಸೊಪ್ಪು ತಂದು ಬೇಯಿಸಿ ಹಾಕುತ್ತಿದ್ದರು, "ಬತ್ತದೆ ಕಣ್ ಮಗಾ, ಬತ್ತದೆ" ಎನ್ನುತ್ತಿದ್ದರು. ಅವರ ದನಿಯಲ್ಲಿ ಧೈರ್ಯ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು.

ಕೊನೆಯ ಗುಳಿಗೆ ನುಂಗುವ ದಿನ. ನನ್ನ ಸರದಿ ಇನ್ನೂ ಬಂದಿರಲಿಲ್ಲ. ಡಾಕ್ಟರ ಕೋಣೆಯ ಬಾಗಿಲಲ್ಲೇ ಕೂತು, ಸೆರಗು ಮುಚ್ಚಿಕೊಂಡು ಗೌರಿಯನ್ನು ಎದೆಗೆ ಹಾಕಿಕೊಂಡೆ. ಅವಳು ಎರಡು ಸಲ ಎಳೆದಳು, ಬಿಟ್ಟಳು. ಮುಖ ತಿರುಗಿಸಿ ಹುಬ್ಬು ಗಂಟಿಕ್ಕಿ, ಹುಳಿ ಮಾವು ಕಚ್ಚಿದವಳ ಹಾಗೆ ತುಟಿ ಸೊಟ್ಟ ಮಾಡಿದಳು. ತುಟಿಯ ಕೊನೆಯಲ್ಲಿ ಬೆಳ್ಳಗೆ ಒಂದು ಹನಿ ಇತ್ತು.

ನಮ್ಮತ್ತೆ ಬಗ್ಗಿ ಆ ಹನಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡರು. "ಆಲೇ ಕಣವ್ವಾ! ಕಯಿ ಅದೆ, ಆದ್ರೂ ಆಲೇ!" ಎಂದರು. ಗುಳಿಗೆಯ ಕಹಿ ಹಾಲಿಗೂ ಇಳಿದಿತ್ತು.

ಗೌರಿ ನನ್ನ ಮುಖವನ್ನು ಒಂದು ಸಲ ದುರುಗುಟ್ಟಿ ನೋಡಿದಳು. ಆಮೇಲೆ ಮತ್ತೆ ಬಾಯಿ ಹಾಕಿದಳು. ಈ ಸಲ ನೋವಾಗುವಷ್ಟು ಗಟ್ಟಿಯಾಗಿ ಹಿಡಿದು ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಆ ಸದ್ದು ನನ್ನ ಗುಯ್‌ಗುಟ್ಟುವ ಕಿವಿಗೂ ಕೇಳಿಸಿತು. ನಾನು ಮುಚ್ಚುಮರೆಯಿಲ್ಲದೆ ಜೋರಾಗಿ ಅತ್ತೆ.

ಒಳಗೆ ಯಾರದ್ದೋ ನಾಡಿ ಹಿಡಿದಿದ್ದ ಡಾಕ್ಟರು ಏನಾಯಿತೆಂದು ತಲೆ ಎತ್ತಿದರು. ನಮ್ಮತ್ತೆ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತರು.

"ಕೂಸ ಎಸ್ರು ಗೌರಿ. ಬರ್ಕಳಿ ಸ್ವಾಮಿ" ಎಂದರು. "ನೋಡ್ಕಳಿ, ನಿಮ್ ಮುಂದೇನೇ ನುಂಗ್ತಾ ಅದೆ."